ಅನುಮಾನಾಸ್ಪದ ವ್ಯಕ್ತಿ

2023ರ ಯುಗಾದಿ ಕಳೆದು ನಾಲ್ಕೋ ಐದೋ ದಿನ. ರಾತ್ರಿ ಹನ್ನೊಂದೂವರೆಗೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೊ ಬಿತ್ತು. ಸಿಸಿಟಿವಿ ಪರದೆಯನ್ನೇ ಮೊಬೈಲಿನಲ್ಲಿ ತೆಗೆದದ್ದು, ಹಾಗಾಗಿ ಗೆರೆ ಗೆರೆ. ಕಾಂಪೌಂಡ್ ಗೋಡೆಯ ಪಕ್ಕ ಒಬ್ಬ ಹುಡುಗ, ಮಾಸಿದ ಟೀ ಶರ್ಟು, ಕೈಯಲ್ಲಿ ಏನೋ ಹೊಳೆಯುವ ವಸ್ತು. ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು: ಅನುಮಾನಾಸ್ಪದ ವ್ಯಕ್ತಿ, ಗೋಡೆಯುದ್ದಕ್ಕೂ ಮೂರು ಸಲ ಓಡಾಡಿದ್ದಾನೆ, ಎಲ್ಲರೂ ಎಚ್ಚರವಾಗಿರಿ. ಹಾಕಿದವನು ನಾನು. ಆ ವರ್ಷ ನಮ್ಮ ನಿವಾಸಿಗಳ ಸಂಘಕ್ಕೆ ನಾನೇ ಕಾರ್ಯದರ್ಶಿ.

ಮಾದಾಪುರಕ್ಕೆ ಬಂದು ನನಗೆ ಹದಿನೈದು ವರ್ಷದ ಮೇಲಾಯಿತು. ನನ್ನದು ಲಿಂಗಸುಗೂರು ಕಡೆ. 1948ರವರೆಗೂ ನಮ್ಮ ರಾಯಚೂರು ಜಿಲ್ಲೆ ನಿಜಾಮರ ಆಡಳಿತದಲ್ಲಿತ್ತು, 1956ರವರೆಗೂ ಹೈದರಾಬಾದ್ ರಾಜ್ಯದಲ್ಲೇ ಇತ್ತು. ನಮ್ಮಜ್ಜ ಕೋರ್ಟು ಕಚೇರಿ ಕೆಲಸಕ್ಕೆ ಈ ಊರಿಗೇ ಬರುತ್ತಿದ್ದ. ಹಾಗಾಗಿ ಬೆಂಗಳೂರಿನ ಗೆಳೆಯರು ‘ಪರರಾಜ್ಯ ಸೇರಿಬಿಟ್ಟೆಯಲ್ಲ’ ಎಂದಾಗ ನನಗೆ ಒಳಗೊಳಗೇ ನಗು. ಕಾಚಿಗುಡದಲ್ಲಿ ಕನ್ನಡದ ಮಕ್ಕಳಿಗೆಂದು ನೃಪತುಂಗ ಶಾಲೆ ಕಟ್ಟಿದ ಊರಿದು. ಆದರೆ ಅದು ಹಳೆಯ ಹೈದರಾಬಾದು. 1998ರಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾದ ಮೇಲೆ ಬಂಡೆಗಳ ನಡುವೆ ಬೆಳೆದು ನಿಂತ ಈ ಮಾದಾಪುರದಲ್ಲಿ ಎಲ್ಲರೂ ಬೇರೆ ಕಡೆಯಿಂದ ಬಂದವರೇ. ಅಯ್ಯಪ್ಪ ಸೊಸೈಟಿಯ ಹಾಸ್ಟೆಲುಗಳಲ್ಲಿ ಒಂದೊಂದು ಕೋಣೆಗೆ ಮೂರು ಜಿಲ್ಲೆಯ ಹುಡುಗರು. ಪಕ್ಕದ ಮನೆಯವರ ಹೆಸರು ಗೊತ್ತಿರುವುದಿಲ್ಲ, ಅವರ ಕಾರಿನ ನಂಬರು ಗೊತ್ತಿರುತ್ತದೆ. ಇಂಥ ಕಡೆ ‘ಸಮುದಾಯ ಪೊಲೀಸಿಂಗ್’ ಎಂಬ ಮಾತು ಬಂದಾಗ ಮೊದಲು ಏಳಬೇಕಾದ ಪ್ರಶ್ನೆ, ಸಮುದಾಯ ಎಂದರೆ ಯಾರು ಎನ್ನುವುದು. ನಾವದನ್ನು ಕೇಳಿಕೊಂಡಿರಲಿಲ್ಲ. ಸಮುದಾಯ ಎಂದರೆ ನಾವು, ಮೆಂಟೆನೆನ್ಸ್ ಕಟ್ಟುವವರು.

ಈಗ ಬಂಡಿಯ ವಿಷಯ ಹೇಳಬೇಕು.

ನಮ್ಮ ಗಲ್ಲಿ ಒಂದು ದೊಡ್ಡ ರಸ್ತೆಯಿಂದ ಒಡೆದು ಹುಡುಗಿಯರ ಎರಡು ಹಾಸ್ಟೆಲುಗಳ ಮುಂದೆ ಹಾದು ಇನ್ನೊಂದು ರಸ್ತೆಗೆ ಸೇರುತ್ತದೆ. ಮುನ್ನೂರು ಹೆಜ್ಜೆ ಇರಬಹುದು. ಮಧ್ಯದಲ್ಲಿ, ನಮ್ಮ ಕಾಂಪೌಂಡ್ ಗೋಡೆಗೆ ಆತು, ಪಾಲಮೂರು ಕಡೆಯ ಒಬ್ಬಾಕೆ ಟಿಫಿನ್ ಬಂಡಿ ಹಾಕುತ್ತಿದ್ದರು. ಎಲ್ಲರಿಗೂ ಅವರು ‘ಅಕ್ಕ’. ಸಂಜೆ ಏಳಕ್ಕೆ ಬಂಡಿ ಬಂದರೆ ರಾತ್ರಿ ಒಂದು ಗಂಟೆಯವರೆಗೂ ಇಡ್ಲಿ, ದೋಸೆ, ಮಿರ್ಚಿ ಬಜ್ಜಿ. ಬ್ಯಾಟರಿಗೆ ಸಿಕ್ಕಿಸಿದ ಎರಡು ಬಲ್ಬು. ಅಮೆರಿಕದ ಹೊತ್ತಿಗೆ ಕೆಲಸ ಮಾಡುವ ಹುಡುಗರು, ಕ್ಯಾಬ್ ಚಾಲಕರು, ಎದುರು ಸೈಟಿನ ಕೂಲಿಗಳು, ಹಾಸ್ಟೆಲಿನ ಹುಡುಗಿಯರು, ಎಲ್ಲರೂ ಅಲ್ಲೇ ನಿಂತು ತಿನ್ನುತ್ತಿದ್ದರು. ಮಗಳಿಗೆ ಜ್ವರ ಬಂದಿದ್ದ ರಾತ್ರಿಗಳಲ್ಲಿ ನಾನೂ ಅಲ್ಲಿಂದಲೇ ಇಡ್ಲಿ ತಂದಿದ್ದೇನೆ.

ಸಂಘದ ಸಭೆಯಲ್ಲಿ ಬಂಡಿಯ ಮೇಲೆ ದೂರುಗಳು ಬಂದವು. ಚರಂಡಿಗೆ ಸಾಂಬಾರು ಸುರಿಯುತ್ತಾರೆ. ಕಾರು ತಿರುಗಿಸಲಾಗುವುದಿಲ್ಲ. ‘ಹೊರಗಿನವರು’ ಮಧ್ಯರಾತ್ರಿಯವರೆಗೂ ಕೂತಿರುತ್ತಾರೆ, ಸೇಫ್ಟಿ ದೃಷ್ಟಿಯಿಂದ ಸರಿಯಲ್ಲ. ಮೊದಲ ಎರಡು ದೂರು ನಿಜ. ಮೂರನೆಯದನ್ನು ನಾನು ಪತ್ರದಲ್ಲಿ ಎಲ್ಲಕ್ಕಿಂತ ಮೇಲೆ ಬರೆದೆ, ಯಾಕೆಂದರೆ ಅದಕ್ಕೆ ತೂಕ ಹೆಚ್ಚು. ಪ್ರಾಜೆಕ್ಟ್ ಮ್ಯಾನೇಜರನಾಗಿ ಇಷ್ಟು ವರ್ಷ ದುಡಿದವನಿಗೆ ಯಾವ ಪದ ಬಳಸಿದರೆ ಫೈಲು ಮುಂದೆ ಹೋಗುತ್ತದೆ ಎಂಬುದು ಗೊತ್ತಿರುತ್ತದೆ. ಸಂಕ್ರಾಂತಿಯ ಹೊತ್ತಿಗೆ ಬಂಡಿ ಹೋಯಿತು. ಅಕ್ಕ ಜಗಳವಾಡಲಿಲ್ಲ. ಹೋಗುವ ದಿನ ವಾಚ್‌ಮನ್ ಕೈಯಲ್ಲಿ ನಮ್ಮ ಮನೆಗೆ ಒಂದು ಪೊಟ್ಟಣ ಬಜ್ಜಿ ಕಳಿಸಿದರು. ಪತ್ರ ಬರೆದವನು ನಾನೆಂದು ಅವರಿಗೆ ತಿಳಿದಿತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಫೆಬ್ರವರಿಯಲ್ಲಿ ಹಾಸ್ಟೆಲಿನ ಒಬ್ಬ ಹುಡುಗಿಯ ಫೋನು ಹೋಯಿತು. ಮಾತಾಡುತ್ತ ನಡೆಯುತ್ತಿದ್ದಳು, ಹಿಂದಿನಿಂದ ಬಂದ ಬೈಕಿನವರು ಕಿತ್ತುಕೊಂಡು ಹೋದರು. ಇಪ್ಪತ್ತು ದಿನ ಬಿಟ್ಟು ಇನ್ನೊಬ್ಬಳದು. ಈ ಸಲ ಅವಳು ಬಿದ್ದು ಮಣಿಕಟ್ಟು ಮುರಿಯಿತು. ಅವಳ ಅಪ್ಪ ನೆಲ್ಲೂರಿನಿಂದ ರಾತ್ರೋರಾತ್ರಿ ಬಂದು, ಬೆಳಿಗ್ಗೆ ಹಾಸ್ಟೆಲಿನ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದರು. ಮಗಳನ್ನು ವಾಪಸು ಕರೆದುಕೊಂಡು ಹೋಗಲು ಬಂದಿದ್ದರು. ಅವಳು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತಷ್ಟೆ.

ಹೆಣ್ಣುಮಕ್ಕಳ ಭದ್ರತೆಯ ಮಾತು ಮಾದಾಪುರದಲ್ಲಿ ಹಗುರವಾದದ್ದಲ್ಲ. 2013ರ ಅಕ್ಟೋಬರಿನಲ್ಲಿ ಇಲ್ಲಿಯ ಒಂದು ಮಾಲಿನ ಎದುರು ವಾಹನಕ್ಕೆ ಕಾಯುತ್ತಿದ್ದ ಯುವ ಟೆಕ್ಕಿಯೊಬ್ಬಳು ಕ್ಯಾಬ್ ಎಂದು ನಂಬಿ ಹತ್ತಿದ ಕಾರಿನಲ್ಲಿ ಅಪಹರಣಕ್ಕೂ ಅತ್ಯಾಚಾರಕ್ಕೂ ಗುರಿಯಾದಳು. ಪತ್ರಿಕೆಗಳು ಆಕೆಯನ್ನು ‘ಅಭಯ’ ಎಂದು ಕರೆದವು. ಆ ವಾರ ನಮ್ಮ ಆಫೀಸಿನಲ್ಲಿ ಯಾವ ತಂಡದಲ್ಲೂ ಕೆಲಸ ಸಾಗಲಿಲ್ಲ. ತೆಲಂಗಾಣ ರಾಜ್ಯವಾದ ಮೇಲೆ ಮಹಿಳೆಯರ ಸುರಕ್ಷತೆಗಾಗಿ ಪೂನಂ ಮಾಲಕೊಂಡಯ್ಯ ಅವರ ಸಮಿತಿ ಕೂತಿತು, 2014ರ ಅಕ್ಟೋಬರಿನಲ್ಲಿ ಶೀ ಟೀಮ್‌ಗಳು ಶುರುವಾದವು. ಮಫ್ತಿಯಲ್ಲಿ ಬಸ್‌ಸ್ಟಾಪು, ಕಾಲೇಜು ಗೇಟುಗಳಲ್ಲಿ ನಿಂತು ಚುಡಾಯಿಸುವವರನ್ನು ಹಿಡಿಯುವ ತಂಡಗಳು. ಐಟಿ ಕಂಪನಿಗಳೂ ಪೊಲೀಸರೂ ಸೇರಿ 2006ರಲ್ಲೇ ಕಟ್ಟಿಕೊಂಡಿದ್ದ ಸೊಸೈಟಿ ಫಾರ್ ಸೈಬರಾಬಾದ್ ಸೆಕ್ಯುರಿಟಿ ಕೌನ್ಸಿಲ್ ಹೆಂಗಸರಿಗೆಂದು ಶೀ ಶಟಲ್ ಬಸ್ಸು ಓಡಿಸಿತು. ಟ್ರಾಫಿಕ್ ಸಿಗ್ನಲಿನಲ್ಲಿ ಸ್ವಯಂಸೇವಕರಾಗಿ ಸೀಟಿ ಊದಿದ ನನ್ನ ಸಹೋದ್ಯೋಗಿಗಳೂ ಇದ್ದಾರೆ. ಇವೆಲ್ಲ ಒಳ್ಳೆಯ ಕೆಲಸಗಳೇ. ರಾತ್ರಿ ಪಾಳಿ ಮುಗಿಸಿ ಬರುವ ನನ್ನ ತಂಡದ ಹುಡುಗಿಯರಿಗೆ ಆ ಬಸ್ಸು ಎಷ್ಟು ದೊಡ್ಡ ನೆಮ್ಮದಿಯಾಗಿತ್ತು ಎಂಬುದನ್ನು ನಾನೇ ನೋಡಿದ್ದೇನೆ.

ಕ್ಯಾಮೆರಾ ಇನ್ನೊಂದು ಕಥೆ. ಜನ ಗುಂಪಾಗಿ ಸೇರುವ ಜಾಗಗಳಲ್ಲಿ ಸಿಸಿಟಿವಿ ಕಡ್ಡಾಯ ಮಾಡುವ ಕಾನೂನು ಇಲ್ಲಿ 2013ರಿಂದ ಇದೆ. ಅದರ ಮೇಲೆ ಪೊಲೀಸರ ‘ನೇನು ಸೈತಂ’ ಯೋಜನೆ. ಅಂದರೆ ‘ನಾನು ಸಹ’. ಶ್ರೀಶ್ರೀ ಅವರ ಕವಿತೆಯಿಂದ ತೆಲುಗರ ನಾಲಿಗೆಗೆ ಬಂದ ಮಾತದು, ಈಗ ಓಣಿಯ ಜನ ಚಂದಾ ಎತ್ತಿ ಕ್ಯಾಮೆರಾ ಹಾಕಿಸುವ ಯೋಜನೆಗೆ ಹೆಸರು. ಎರಡನೆಯ ಹುಡುಗಿ ಬಿದ್ದ ಮೇಲೆ ನಾವೂ ‘ನಾನು ಸಹ’ ಎಂದೆವು. ಫ್ಲ್ಯಾಟಿಗಿಷ್ಟು ಎಂದು ದುಡ್ಡು ಹಾಕಿ ಗೋಡೆಯುದ್ದಕ್ಕೂ ಕ್ಯಾಮೆರಾ ಹಾಕಿಸಿದೆವು. ನಿರ್ವಹಣೆ ನನ್ನದು. ರಾತ್ರಿ ಊಟವಾದ ಮೇಲೆ ಜನ ಸೀರಿಯಲ್ ನೋಡುವ ಹೊತ್ತಿಗೆ ನಾನು ಖಾಲಿ ಗಲ್ಲಿಯನ್ನು ನೋಡುತ್ತಿದ್ದೆ. ಒಂದು ನಾಯಿ, ಒಂದು ಸ್ಕೂಟರು, ಮತ್ತೆ ಅದೇ ನಾಯಿ. ಹಾಗೆ ನೋಡುತ್ತಿದ್ದಾಗ ಸಿಕ್ಕವನು ಆ ಹುಡುಗ.

ಫೋಟೊ ಬಿದ್ದ ಹತ್ತು ನಿಮಿಷಕ್ಕೆ ಕೆಳಗೆ ಎಂಟು ಜನ ಇದ್ದೆವು. ವಾಚ್‌ಮನ್ ಹುಡುಗನ ತೋಳು ಹಿಡಿದಿದ್ದ. ಒಬ್ಬರ ಕೈಯಲ್ಲಿ ಕ್ರಿಕೆಟ್ ಬ್ಯಾಟಿತ್ತು. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ, ಆ ಬ್ಯಾಟನ್ನು ನೋಡಿ ನನಗೆ ಧೈರ್ಯವೇ ಬಂದಿತ್ತು. ಹುಡುಗನನ್ನು ಹಿಂದಿಯಲ್ಲಿ, ತೆಲುಗಿನಲ್ಲಿ ಏನೇನೋ ಕೇಳುತ್ತಿದ್ದರು. ಅವನು ಹೆದರಿ ತೊದಲುತ್ತಿದ್ದ. ಯಾರೋ ಕೆನ್ನೆಗೆ ಒಂದು ಬಿಟ್ಟರು. ಹೊಳೆಯುತ್ತಿದ್ದ ವಸ್ತು ಕೈಯಿಂದ ಜಾರಿ ಬಿತ್ತು. ಸ್ಟೀಲಿನ ಡಬ್ಬಿ, ಖಾಲಿ. ಆಗ ಅವನ ಬಾಯಲ್ಲಿ ಬಂತು:

“ಹೊಡೀಬ್ಯಾಡ್ರಿ ಯಪ್ಪಾ, ನಾ ಕಳ್ಳ ಅಲ್ರಿ.”

ಆ ಗುಂಪಿನಲ್ಲಿ ಅದು ಅರ್ಥವಾದದ್ದು ನನಗೊಬ್ಬನಿಗೆ.

“ಯಾವೂರಪಾ ನಿಂದು?” ಎಂದೆ.

ಅವನು ನನ್ನ ಕಡೆ ತಿರುಗಿದ ರೀತಿಯನ್ನು ಬರೆಯಲು ನನಗೆ ಬರುವುದಿಲ್ಲ. “ದೇವದುರ್ಗದ ಕಡಿಯವನ್ರಿ ಸರ್ರ. ನೀವು ಕನ್ನಡದವ್ರೇನ್ರಿ? ನಾ ಇಲ್ಲೇ ಎದುರಿನ ಸೈಟಿನ್ಯಾಗ ಸೆಂಟ್ರಿಂಗ್ ಕೆಲ್ಸ ಮಾಡ್ತೀನ್ರಿ. ಊರಿಗೆ ಹೋಗಿದ್ದೆ, ಯುಗಾದಿ ಮುಗಿಸ್ಕೊಂಡು ಇವತ್ತ ಬಂದೀನ್ರಿ. ಇಲ್ಲಿ ಅಕ್ಕನ ಬಂಡಿ ಇತ್ತಲ್ರಿ, ಹುಡುಕ್ಲಿಕ್ಕತ್ತಿದ್ದೆ.”

ಮೂರು ಸಲ ಓಡಾಡಿದ್ದು ಅದಕ್ಕೆ. ಮೂರು ತಿಂಗಳ ಹಿಂದೆ ಬಂಡಿ ಇದ್ದ ಜಾಗದಲ್ಲಿ ಗೋಡೆ ಮಾತ್ರ ಉಳಿದಿತ್ತು. ತಾನೇ ದಾರಿ ತಪ್ಪಿದೆನೇನೋ ಎಂದು ಆ ಕಡೆ ಈ ಕಡೆ ನೋಡಿದ್ದಾನೆ.

ಅಷ್ಟರಲ್ಲಿ ನಮ್ಮವರೇ ಯಾರೋ 100ಕ್ಕೆ ಫೋನ್ ಮಾಡಿದ್ದರಿಂದ ಬ್ಲೂ ಕೋಲ್ಟ್ಸ್ ಬೈಕು ಬಂತು. ಇಬ್ಬರು ಕಾನ್‌ಸ್ಟೇಬಲ್‌ಗಳು, ಒಬ್ಬರಿಗೆ ನಲವತ್ತೈದರ ಆಸುಪಾಸು. ಅವರು ಮೊದಲು ಮಾಡಿದ್ದು ಬ್ಯಾಟನ್ನು ಕೆಳಗಿಡಲು ಹೇಳಿದ್ದು. ಎರಡನೆಯದು, ಹುಡುಗನನ್ನು ಮೇಸ್ತ್ರಿಯ ಹೆಸರು ಕೇಳಿದ್ದು. ಹುಡುಗ ಹೇಳಿದ. ಅವರು ಜೇಬಿನಿಂದ ಫೋನ್ ತೆಗೆದು ನೇರ ಮೇಸ್ತ್ರಿಗೆ ಮಾಡಿದರು. ನಂಬರು ಅವರಲ್ಲಿತ್ತು! ಎರಡು ನಿಮಿಷದಲ್ಲಿ ಎಲ್ಲ ಮುಗಿಯಿತು. ಆಮೇಲೆ ನನ್ನ ಕಡೆ ತಿರುಗಿ ತೆಲುಗಿನಲ್ಲಿ ಕೇಳಿದರು: “ಸಾರ್, ಇಲ್ಲೊಂದು ಬಂಡಿ ಇತ್ತಲ್ಲ, ಏನಾಯ್ತು?”

ನಾನು ಹೇಳಿದೆ. ಅವರು ಗೋಡೆಯುದ್ದಕ್ಕೂ ಒಮ್ಮೆ ನಡೆದು ಬಂದರು. ಮೇಲೆ ನೋಡಿದರು. ಬೀದಿದೀಪ ಉರಿಯುತ್ತಿತ್ತು, ಆದರೆ ಕಾಡುಬಾದಾಮಿಯ ದೊಡ್ಡ ಕೊಂಬೆಯೊಂದು ಅದನ್ನು ಪೂರ್ತಿ ಮುಚ್ಚಿತ್ತು. ಬೆಳಕೆಲ್ಲ ಎಲೆಗಳ ಮೇಲೆ, ಕೆಳಗೆ ಕತ್ತಲೆ. ನಮಗೆ ಗೊತ್ತೇ ಆಗಿರಲಿಲ್ಲ. ಬಂಡಿಯ ಬಲ್ಬು ಇರುವ ತನಕ ಗೊತ್ತಾಗುವ ಅಗತ್ಯವೂ ಇರಲಿಲ್ಲ. ನಮ್ಮ ಹೊಸ ಕ್ಯಾಮೆರಾಕ್ಕೆ ಕತ್ತಲಲ್ಲೂ ಕಾಣುತ್ತಿತ್ತು. ನಡೆದು ಹೋಗುವ ಹುಡುಗಿಗೆ ಕಾಣುತ್ತಿರಲಿಲ್ಲ.

“ಎರಡು ಕೇಸೂ ಇದೇ ಜಾಗದಲ್ಲೇ ಆದವು ಸಾರ್,” ಎಂದರು ಅವರು, “ಎರಡೂ ಬಂಡಿ ಹೋದ ಮೇಲೆ.”

ನಮ್ಮ ಉದ್ಯೋಗದಲ್ಲಿರುವವರಿಗೆ ಇದು ಚೆನ್ನಾಗಿ ಗೊತ್ತಿರಬೇಕಾದ ಸಂಗತಿ. ಸರ್ವರ್ ಪ್ರತಿ ಮಂಗಳವಾರ ಬೀಳುತ್ತದೆ, ಪ್ರತಿ ಸಲ ಒಬ್ಬ ಎದ್ದು ರೀಸ್ಟಾರ್ಟ್ ಮಾಡುತ್ತಾನೆ, ಟಿಕೆಟ್ ಮುಚ್ಚುತ್ತದೆ, ಡ್ಯಾಶ್‌ಬೋರ್ಡು ಹಸಿರಾಗುತ್ತದೆ. ಮಂಗಳವಾರವೇ ಯಾಕೆ ಎಂದು ಯಾರೂ ಕೇಳುವುದಿಲ್ಲ. ಇನ್ಸಿಡೆಂಟ್ ಬೇರೆ, ಪ್ರಾಬ್ಲಂ ಬೇರೆ ಎಂದು ಹೊಸ ಹುಡುಗರಿಗೆ ನಾನೇ ಪಾಠ ಮಾಡುತ್ತೇನೆ. ಅಮೆರಿಕದ ಹರ್ಮನ್ ಗೋಲ್ಡ್‌ಸ್ಟೈನ್ 1979ರಲ್ಲಿ ಪೊಲೀಸರ ಬಗ್ಗೆ ಹೆಚ್ಚುಕಡಿಮೆ ಇದನ್ನೇ ಬರೆದಿದ್ದರು. ಒಂದೊಂದೇ ಘಟನೆಯ ಹಿಂದೆ ಓಡುವುದರಲ್ಲಿ ಇಲಾಖೆಯ ಶಕ್ತಿಯೆಲ್ಲ ಹೋಗುತ್ತದೆ, ಘಟನೆಗಳನ್ನು ಹುಟ್ಟಿಸುವ ಸಮಸ್ಯೆ ಹಾಗೇ ಉಳಿಯುತ್ತದೆ ಎಂದು. ಅದಕ್ಕೂ ಮೊದಲು, 1961ರಲ್ಲಿ, ಜೇನ್ ಜೇಕಬ್ಸ್ ನಗರಗಳ ಬಗ್ಗೆ ಬರೆದ ಪುಸ್ತಕದಲ್ಲಿ ಬೀದಿಯನ್ನು ಕಾಯುವುದು ಅಲ್ಲಿ ತಮ್ಮ ಪಾಡಿಗೆ ಕೆಲಸ ಮಾಡಿಕೊಂಡಿರುವ ಅಂಗಡಿಯವರ, ಓಡಾಡುವವರ ಕಣ್ಣುಗಳು ಎಂದಿದ್ದರು. ಇದನ್ನೆಲ್ಲ ನಾನು ಓದಿದ್ದು ಆ ರಾತ್ರಿಯ ನಂತರ. ಎಂ.ಟೆಕ್ ಮಾಡಿದವನಿಗೆ ಪೆಟ್ಟು ಬಿದ್ದ ಮೇಲೆ ಓದುವ ಚಟ. ಊರಿನ ತಳವಾರನಿಗೆ ಯಾರ ಮನೆಯ ನಾಯಿ ಯಾವ ಹೊತ್ತಿಗೆ ಬೊಗಳುತ್ತದೆ ಎಂಬುದೂ ಗೊತ್ತಿರುತ್ತಿತ್ತು, ಅವನು ಯಾವ ಪುಸ್ತಕವನ್ನೂ ಓದಿರಲಿಲ್ಲ.

ಮುಂದಿನ ಭಾನುವಾರ ಸಂಘದ ಹಾಲಿನಲ್ಲಿ ಸಭೆ. ಕಾನ್‌ಸ್ಟೇಬಲ್ ಒಂದೇ ಷರತ್ತು ಹಾಕಿದ್ದರು: ಫ್ಲ್ಯಾಟಿನವರು ಮಾತ್ರ ಇದ್ದರೆ ನಾನು ಬರುವುದಿಲ್ಲ. ಹಾಗಾಗಿ ಹಾಸ್ಟೆಲಿನ ಆರು ಹುಡುಗಿಯರು ಬಂದರು, ವಾರ್ಡನ್ ಬಂದರು, ಸೈಟಿನ ಮೇಸ್ತ್ರಿ ಬಂದ. ಎಲ್ಲಿಂದಲೋ ಹುಡುಕಿಸಿ ಅಕ್ಕನನ್ನೂ ಕರೆಸಿದರು. ಆಕೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಹುಡುಗಿಯರು ಒಂದು ಮಾತು ಹೇಳಿದರು. ನಾವು ‘ಹೊರಗಿನವರು ಕೂತಿರುತ್ತಾರೆ’ ಎಂದು ದೂರಿದ್ದ ಆ ಹೊತ್ತಿನಲ್ಲೇ ಅವರು ಧೈರ್ಯವಾಗಿ ನಡೆಯುತ್ತಿದ್ದರಂತೆ. ಯಾರಾದರೂ ಹಿಂಬಾಲಿಸಿದರೆ ಬಂಡಿಯ ಹತ್ತಿರ ಹೋಗಿ ನಿಂತು ಒಂದು ಪ್ಲೇಟ್ ಇಡ್ಲಿ ಕೇಳಿದರೆ ಸಾಕಿತ್ತಂತೆ. ಮೂರು ವರ್ಷ ಇದು ನಮ್ಮ ಗೋಡೆಯ ಹೊರಗೆ ನಡೆದಿತ್ತು.

ಕೊಂಬೆ ಕಡಿಸಲು ನಗರಪಾಲಿಕೆಗೆ ಅರ್ಜಿ ಹಾಕಿದೆವು, ವಾರದೊಳಗೆ ಬಂದು ಕಡಿದರು. ಬಂಡಿ ಹತ್ತು ಹೆಜ್ಜೆ ಆಚೆಗೆ, ಕಾರು ತಿರುಗುವ ಜಾಗ ಬಿಟ್ಟು ನಿಂತಿತು. ಸಾಂಬಾರಿಗೆ ಒಂದು ಡ್ರಮ್ಮು. ಅದರ ಮೇಲೆ ನಡೆದ ಚರ್ಚೆಯೇ ಮುಕ್ಕಾಲು ಗಂಟೆ, ಡ್ರಮ್ಮಿನ ಬಣ್ಣ ಯಾವುದಿರಬೇಕು ಎಂಬಲ್ಲಿಗೆ ಹೋಗಿ ನಿಂತಿತ್ತು. ಅದಾದ ಮೇಲೆ ನಾನಿದ್ದ ಆ ವರ್ಷ ಗಲ್ಲಿಯಲ್ಲಿ ಫೋನು ಹೋಗಲಿಲ್ಲ. ಕಳ್ಳರು ಬೇರೆ ಗಲ್ಲಿಗೆ ಹೋದರೋ, ಸಿಕ್ಕಿಬಿದ್ದರೋ, ಒಂದು ಗಲ್ಲಿಯ ಲೆಕ್ಕದಿಂದ ಹೇಳಲಾಗದು. ನೆಲ್ಲೂರಿನ ಹುಡುಗಿ ಮಾತ್ರ ಆ ಹೊತ್ತಿಗಾಗಲೇ ಕೆಲಸ ಬಿಟ್ಟು ಊರಿಗೆ ಹೋಗಿದ್ದಳು.

ಇಷ್ಟು ಹೇಳಿ ನಿಲ್ಲಿಸಿದರೆ ಕಥೆ ಚೆಂದವಾಗುತ್ತದೆ. ಆದರೆ ಆರು ತಿಂಗಳಿಗೆ ಆ ಕಾನ್‌ಸ್ಟೇಬಲ್‌ಗೆ ವರ್ಗವಾಯಿತು. ಹೊಸಬರು ಬಂದರು, ಒಳ್ಳೆಯವರೇ, ಆದರೆ ಅವರಿಗೆ ಮೇಸ್ತ್ರಿಯೂ ಗೊತ್ತಿಲ್ಲ, ಅಕ್ಕನೂ ಗೊತ್ತಿಲ್ಲ. ಬಂಡಿಯನ್ನು ತೆಗೆಯಿರಿ ಎಂದರು. ನಾನು ಇಳಿದು ಹೋಗಿ ಮೊದಲಿನಿಂದ ಎಲ್ಲ ವಿವರಿಸಿದೆ. ಇನ್ನೊಮ್ಮೆ ವರ್ಗವಾದಾಗ ಇನ್ನೊಮ್ಮೆ.

2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಬ್ರೆಜಿಲ್, ಕೊಲಂಬಿಯಾ, ಲೈಬೀರಿಯಾ, ಪಾಕಿಸ್ತಾನ, ಫಿಲಿಪೈನ್ಸ್, ಉಗಾಂಡ, ಈ ಆರು ದೇಶಗಳಲ್ಲಿ ಸಮುದಾಯ ಪೊಲೀಸಿಂಗನ್ನು ಪ್ರಯೋಗ ಮಾಡಿ ನೋಡಿದರು. ಅಪರಾಧವೂ ಇಳಿಯಲಿಲ್ಲ, ಪೊಲೀಸರ ಮೇಲಿನ ನಂಬಿಕೆಯೂ ಏರಲಿಲ್ಲ. ಅದಕ್ಕೆ ಅವರು ಗುರುತಿಸಿದ ಕಾರಣಗಳಲ್ಲಿ ಒಂದು, ಅಧಿಕಾರಿಗಳು ಪದೇ ಪದೇ ವರ್ಗವಾಗುವುದು. ಇನ್ನೊಂದು, ಜನ ಹೇಳಿಕೊಂಡ ಸಮಸ್ಯೆಯನ್ನು ಬಗೆಹರಿಸುವ ಸೌಲಭ್ಯ ಪೊಲೀಸರಿಗೆ ಇಲ್ಲದಿರುವುದು. ಓದಿದಾಗ ನನಗೆ ಕಾಡುಬಾದಾಮಿಯ ಕೊಂಬೆ ನೆನಪಾಯಿತು. ಅದನ್ನು ಕಡಿಯುವ ಅಧಿಕಾರ ಕಾನ್‌ಸ್ಟೇಬಲ್‌ಗೆ ಇರಲಿಲ್ಲ. ಪಾಲಿಕೆಯವರು ಬರದೆ ಹೋಗಿದ್ದರೆ ನಮ್ಮ ಸಭೆ ಡ್ರಮ್ಮಿನ ಬಣ್ಣಕ್ಕೇ ಮುಗಿಯುತ್ತಿತ್ತು. 2025ರ ಜುಲೈಯಲ್ಲಿ ನಮ್ಮ ಕರ್ನಾಟಕದಲ್ಲಿ ‘ಮನೆ ಮನೆಗೆ ಪೊಲೀಸ್’ ಶುರುವಾದ ಸುದ್ದಿ ಓದಿದಾಗಲೂ ನನಗೆ ಮೊದಲು ಬಂದ ಯೋಚನೆ, ಬೀಟಿನ ಪೊಲೀಸನನ್ನು ಅದೇ ಬೀಟಿನಲ್ಲಿ ಎಷ್ಟು ವರ್ಷ ಬಿಡುತ್ತಾರೆ ಎಂಬುದು. ಲಿಂಗಸುಗೂರಿನಲ್ಲಿ ಅಮ್ಮ ಒಬ್ಬಳೇ ಇರುತ್ತಾಳೆ. ಆ ಯೋಜನೆ ಅಲ್ಲಿ ನಿಲ್ಲಲಿ ಎಂಬ ಆಸೆ ನನಗೆ ಯಾರಿಗಿಂತ ಕಡಿಮೆ ಇಲ್ಲ.

ಮನೆ ಮನೆಗೆ ಎಂದಾಗ ಮನೆ ಇಲ್ಲದವರ ಮಾತೂ ಬರುತ್ತದೆ. ಹೈದರಾಬಾದಿನ ಬಸ್ತಿಗಳಲ್ಲಿ ಹತ್ತು ವರ್ಷಗಳಿಂದ ‘ಕಾರ್ಡನ್ ಅಂಡ್ ಸರ್ಚ್’ ನಡೆಯುತ್ತಿದೆ. ಹೊತ್ತಲ್ಲದ ಹೊತ್ತಿನಲ್ಲಿ ಬಸ್ತಿಯನ್ನು ಸುತ್ತುವರಿದು, ಮನೆ ಮನೆಗೆ ಹೋಗಿ ಗುರುತಿನ ಚೀಟಿ, ಗಾಡಿಯ ಕಾಗದ ಕೇಳುವುದು. ಎಷ್ಟೋ ಕಡೆ ಇದಕ್ಕೇ ‘ಕಮ್ಯೂನಿಟಿ ಕಾಂಟ್ಯಾಕ್ಟ್ ಪ್ರೋಗ್ರಾಂ’ ಎಂದು ಹೆಸರು. ನಮ್ಮ ಗೇಟೆಡ್ ಅಪಾರ್ಟ್‌ಮೆಂಟಿಗೆ ಅಂಥ ಕಾಂಟ್ಯಾಕ್ಟು ಒಮ್ಮೆಯೂ ಬಂದಿಲ್ಲ. ನಮ್ಮಲ್ಲಿಗೆ ಬಂದರೆ ಚಹಾ ಕುಡಿದು ಹೋಗುತ್ತಾರೆ. 2021ರ ಲಾಕ್‌ಡೌನಿನಲ್ಲಿ ಎಸ್.ಕ್ಯೂ. ಮಸೂದ್ ಎಂಬ ಸಾಮಾಜಿಕ ಕಾರ್ಯಕರ್ತರನ್ನು ದಾರಿಯಲ್ಲಿ ತಡೆದು, ಮಾಸ್ಕ್ ತೆಗೆಯಲು ಹೇಳಿ ಪೊಲೀಸರು ಫೋಟೊ ತೆಗೆದುಕೊಂಡರು ಎಂಬುದು ಅವರ ದೂರು. ಆ ಫೋಟೊ ಎಲ್ಲಿಗೆ ಹೋಗುತ್ತದೆ, ಯಾಕೆ ಬೇಕು ಎಂದು ಕೇಳಿ ಅವರು ತೆಲಂಗಾಣ ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಮುಖ ಗುರುತಿಸುವ ತಂತ್ರಜ್ಞಾನದ ಬಗ್ಗೆ ನಮ್ಮ ಆಫೀಸಿನಲ್ಲಿ ಡೆಮೊ ಕೊಡುವವರು ನಾವೇ. ಆ ಪ್ರಶ್ನೆ ನಮಗೆ ಹೊಳೆದಿರಲಿಲ್ಲ.

ದೇವದುರ್ಗದ ಹುಡುಗನನ್ನು ಆಮೇಲೆ ಎರಡು ಸಲ ಬಂಡಿಯ ಹತ್ತಿರ ನೋಡಿದೆ. ಮೊದಲ ಸಲ ಅವನೇ “ಸರ್ರ, ಊಟ ಆತೇನ್ರಿ?” ಎಂದ. ಆಯಿತು ಎಂದೆ. ಎರಡನೆಯ ಸಲ ಅವನ ಇಡ್ಲಿಯ ದುಡ್ಡು ಕೊಡಲು ಹೋದೆ, “ಬ್ಯಾಡ್ರಿ, ಇವತ್ತ ಪಗಾರ ಆಗೇದ” ಎಂದು ತಾನೇ ಕೊಟ್ಟ. ಫೋಟೊ ಹಾಕಿದವನು ನಾನೇ ಎಂದು ಹೇಳಬೇಕೆಂದು ಎರಡು ಸಲವೂ ಬಾಯಿಗೆ ಬಂದಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಕಟ್ಟಡದ ಸೆಂಟ್ರಿಂಗ್ ಕೆಲಸ ಮುಗಿದು ಅವರ ತಂಡ ಬೇರೆ ಸೈಟಿಗೆ ಹೋಯಿತು. ಎಲ್ಲಿಗೆ ಎಂದು ಮೇಸ್ತ್ರಿಯನ್ನು ಕೇಳಿದ್ದರೆ ಹೇಳುತ್ತಿದ್ದ. ಕೇಳಲಿಲ್ಲ.

ಹೋದ ತಿಂಗಳು ಗುಂಪಿನಲ್ಲಿ ಹಳೆಯದೇನನ್ನೋ ಹುಡುಕುವಾಗ ಆ ಫೋಟೊ ಸಿಕ್ಕಿತು. ‘ಎಲ್ಲರಿಗೂ ಅಳಿಸು’ ಎಂಬ ಆಯ್ಕೆ ಎರಡು ದಿನ ದಾಟಿದ ಮೇಲೆ ಇರುವುದಿಲ್ಲ. ನನ್ನ ಫೋನಿನಿಂದ ಮಾತ್ರ ಅಳಿಸಬಹುದು ಎಂದು ತೋರಿಸಿತು. ಗುಂಪಿನಲ್ಲಿ ಈಗ ಇನ್ನೂರಕ್ಕೂ ಹೆಚ್ಚು ಜನ. ಫೋಟೊದ ಕೆಳಗೆ ಆ ರಾತ್ರಿ ಬಂದ ಹೆಬ್ಬೆರಳುಗಳನ್ನು ಎಣಿಸಿದೆ, ನಲವತ್ತೊಂದು ಇದ್ದವು.